ಜೀವಂತ ಅಕ್ಕನಿಗೆ ಸೇವಂತಿಗೆ ಹಾರ

ನನಗೆ ಬಾಯಿಯೇ ಬಂಡವಾಳ. ಜಪಾನಿಗರು ಹೇಳಿದ್ದನ್ನು ಇಂಗ್ಲಿಷಿನಲ್ಲಿ, ಇಂಗ್ಲಿಷಿನವರು ಹೇಳಿದ್ದನ್ನು ಜಪಾನಿಯಲ್ಲಿ ತಿರುಗಿಸಿ ಹೇಳುವ ದುಭಾಷಿಯ ಕೆಲಸ ನನ್ನದು. ಕೊರೋನಾ ಬಂದು ಊರಿಗೆ ಊರೇ ಬಾಯಿಗೆ ಬಟ್ಟೆ ಕಟ್ಟಿಕೊಂಡ ಮೇಲೆ ನನ್ನನ್ನು ಕೇಳುವವರೇ ಇಲ್ಲವಾದರು. ಟೋಕಿಯೋದ ನಿಶಿ ಕಸಾಯಿಯ ನಮ್ಮ ಮನೆಯಲ್ಲಿ ಒಂದು ಕೋಣೆಯ ಬಾಗಿಲು ಹಾಕಿಕೊಂಡು ನನ್ನ ಗಂಡ ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರನ್ನು ‘ನನ್ನ ವಾಯ್ಸ್ ಕೇಳಿಸ್ತಾ ಇದೆಯಾ’ ಎಂದು ಕೇಳುತ್ತಿದ್ದ. ಇನ್ನೊಂದು ಕೋಣೆಯಲ್ಲಿ ಅತ್ತೆ ಇದ್ದರು. ಅವರು ಹಾಗೆ ಕೇಳುವ ಅಗತ್ಯವೇ ಇರಲಿಲ್ಲ.

ಅತ್ತೆ ಮೈಸೂರಿನ ಕನ್ನಡ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು, ಮೈಕಿಲ್ಲದೆ ಪ್ರಾರ್ಥನೆ ನಡೆಸಿ ನಿವೃತ್ತರಾದವರು. ಚೆರ್ರಿ ಹೂವು ನೋಡಿಕೊಂಡು ಹೋಗುತ್ತೇನೆಂದು ಬಂದರು. ಅಷ್ಟರಲ್ಲಿ ವಿಮಾನಗಳು ನಿಂತವು. ಹೂವು ಉದುರಿತು, ಸೆಕೆ ಬಂತು, ಎಲೆಗಳೆಲ್ಲ ಕೆಂಪಾದವು, ಅತ್ತೆ ಮಾತ್ರ ಇದ್ದಲ್ಲೇ ಇದ್ದರು. ಅಡುಗೆಮನೆ ಅವರ ವಶವಾಯಿತು. ಇಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ತೀರಿಕೊಂಡವರ ನೆನಪಿಗೆ ಮನೆಯಲ್ಲಿಡುವ ಪೀಠಕ್ಕೆಂದೇ ಸೇವಂತಿಗೆಯ ಕಟ್ಟು ಮಾರುತ್ತಾರೆ. ಅತ್ತೆಗೆ ಅದು ಸೊಗಸಾದ ಪೂಜೆಯ ಹೂವು. ಬಹುಪಾಲು ದೇವರಿಗೆ, ಉಳಿದದ್ದು ನನ್ನ ತಲೆಗೆ. ಒಂದು ದಿನ ಲಿಫ್ಟಿನಲ್ಲಿ ಪಕ್ಕದ ಮನೆಯ ಅಜ್ಜಿ ನನ್ನ ತಲೆ ನೋಡಿ ಗಾಬರಿಯಿಂದ ಮೂಲೆಗೆ ಸರಿದು ನಿಂತಳು. “ಡಿಸ್ಟೆನ್ಸ್ ಅಂದ್ರೆ ಹಿಂಗಿರ್ಬೇಕು ನೋಡು, ಹೇಳಿಸ್ಕೊಳ್ಳೋದೇ ಇಲ್ಲ ಈ ಜನ” ಎಂದು ಅತ್ತೆ ಮೆಚ್ಚಿಕೊಂಡರು.

ಇಂಥ ಹೊತ್ತಿನಲ್ಲಿ ಮೊಂಜೆನ್ ನಕಚೋದ ಹಿಂದಿನ ಗಲ್ಲಿಯ ಒಂದು ಚಿಕ್ಕ ಗ್ಯಾಲರಿಯಿಂದ ಕೆಲಸ ಬಂತು. ಅದು ಮೊದಲು ಅಕ್ಕಿ ಅಂಗಡಿಯಾಗಿತ್ತು. ಅದರ ಯಜಮಾನರನ್ನು ಬೀದಿಯವರೆಲ್ಲ ಓನರ್ ಸಾನ್, ಅಂದರೆ ಓನರ್ ಅವರು, ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ, ಇಸ್ತ್ರಿ ಹಾಕಿದ ಮಾಸ್ಕ್ ಧರಿಸುವ ಮನುಷ್ಯ. ಆಸ್ಟ್ರೇಲಿಯಾದ ಮೂಲನಿವಾಸಿ ನಟರೊಬ್ಬರು ಹಿಂದೆಂದೋ ನಾಟಕ ತಂಡದೊಂದಿಗೆ ಟೋಕಿಯೋಗೆ ಬಂದಿದ್ದಾಗ ಇಲ್ಲಿಗೆ ಬಂದು ಚಹಾ ಕುಡಿದಿದ್ದರಂತೆ. ಆ ಬಟ್ಟಲನ್ನು ಓನರ್ ಸಾನ್ ಅಂದಿನಿಂದ ಯಾರಿಗೂ ಕೊಟ್ಟಿಲ್ಲ. ಆ ನಟರು ತೀರಿಕೊಂಡಿದ್ದರು. ಅವರ ಅಕ್ಕ ಚಿತ್ರ ಬರೆಯುವವರು. ತಮ್ಮನು ಹುಟ್ಟಿ ಬೆಳೆದ ನೆಲವನ್ನೆಲ್ಲ ಚಿತ್ರ ಬರೆದು, ಅವನ ನೆನಪಿಗೆ ಒಂದು ಪ್ರದರ್ಶನ ಮಾಡಲು ಈ ಗ್ಯಾಲರಿಗೇ ಕಳಿಸಿದ್ದರು. ಗಡಿ ಮುಚ್ಚಿದ್ದರಿಂದ ಕ್ಯಾನ್ವಾಸುಗಳು ಮಾತ್ರ ಬಂದವು, ಅವರು ಬರಲಾಗಲಿಲ್ಲ. ಅವರಿಗೂ ಓನರ್ ಸಾನ್‌ಗೂ ನಡುವೆ ಫೋನಿನಲ್ಲಿ ಮಾತು ದಾಟಿಸುವುದು ನನ್ನ ಕೆಲಸ.

ಓನರ್ ಸಾನ್ ಮೊದಲು ಮಾಡಿದ ಕೆಲಸವೆಂದರೆ ನಟರ ಮುಖವನ್ನು ಆಳೆತ್ತರ ಹಾಕಿ ಪೋಸ್ಟರ್ ಮಾಡಿಸಿದ್ದು. ಫೋಟೋಕ್ಕೆಂದು ಕಪ್ಪು ಮರದ ಚೌಕಟ್ಟನ್ನೂ ಮಾಡಿಸಿ ತಂದರು. ವಿಷಯ ತಿಳಿದ ಅಕ್ಕ ಫೋನ್ ಮಾಡಿದರು.

“ನಮ್ಮ ಮನೆತನದಲ್ಲಿ ಹೋದವರ ಹೆಸರು ಸ್ವಲ್ಪ ಕಾಲ ಎತ್ತೋದಿಲ್ಲ. ಮುಖಾನೂ ತೋರಿಸೋದಿಲ್ಲ. ಯಾವಾಗಿಂದ ತೋರಿಸಬಹುದು ಅಂತ ನಾವೇ ಹೇಳ್ತೀವಿ. ಅವನ ನೆಲ ತೋರಿಸಿ, ಕಥೆ ಹೇಳಿ, ಅಷ್ಟು ಸಾಕು.”

ನಟನನ್ನು ಮುಖವಿಲ್ಲದೆ, ಹೆಸರಿಲ್ಲದೆ ನೆನೆಯುವುದು! ನನಗೆ ತಲೆ ಗಿರ್ರೆಂದಿತು. ನಮ್ಮ ಬೆಂಗಳೂರಿನಲ್ಲಿ ಯಾರಾದರೂ ಹೋದರೆ ಸಂಜೆಯೊಳಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ನಿಲ್ಲುತ್ತದೆ. ಹೋದವರ ಮುಖಕ್ಕಿಂತ ಶ್ರದ್ಧಾಂಜಲಿ ಸಲ್ಲಿಸುವವರ ಮುಖಗಳೇ ದೊಡ್ಡದಾಗಿರುತ್ತವೆ. ಓನರ್ ಸಾನ್‌ಗೂ ಸಂಕಟವೇ. ಆದರೂ ಮರುಮಾತಿಲ್ಲದೆ ಪೋಸ್ಟರ್ ಸುತ್ತಿಟ್ಟು, ‘ಒಬ್ಬ ನಟರ ನೆಲ’ ಎಂದಷ್ಟೇ ಬರೆಸಿದರು. ಚೌಕಟ್ಟನ್ನು ಮಾತ್ರ ಒರೆಸಿ ಒರೆಸಿ ನೋಡುತ್ತಿದ್ದರು. ಒಳ್ಳೆಯ ಮರ ದಂಡವಾಯಿತಲ್ಲ ಎಂಬ ಕೊರಗು.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆಗೆ ಏನೂ ಆಶ್ಚರ್ಯವಾಗಲಿಲ್ಲ. “ಹೆಸರು ಹೇಳ್ದೆ ಇರೋದು ಯಾವ ಮಹಾ ವಿದ್ಯೆ? ನಿಮ್ಮಾವನ ಹೆಸರು ನಾನೇನಾದ್ರೂ ಒಂದಿನ ಬಾಯಿಬಿಟ್ಟು ಹೇಳಿದ್ದೀನಾ? ಸಂಸಾರ ನಡೀಲಿಲ್ವಾ?” ಎಂದರು. ಅದು ನಿಜ. ವೀಸಾ ಮುಂದುವರಿಸಲು ಹೋದಾಗ ಕೌಂಟರಿನ ಹುಡುಗಿ ಗಂಡನ ಹೆಸರೇನೆಂದು ಕೇಳಿದಳು. ಅತ್ತೆ ಛಾವಣಿ ನೋಡುತ್ತಾ ನಿಂತರು, ಮಾವ ತೀರಿಕೊಂಡು ವರ್ಷಗಳಾಗಿದ್ದರೂ. ಕೊನೆಗೆ ನಾನು ಹೇಳಬೇಕಾಯಿತು. ಅವರದು ಬೇರೆ ಪದ್ಧತಿ, ನಮ್ಮದು ಬೇರೆ ಎಂದು ವಿವರಿಸಲು ಹೋದೆ. “ಎಲ್ಲಾ ಒಂದೇ ಬಿಡೇ” ಎಂದು ಕುಕ್ಕರ್ ಕೂಗಿಸಿದರು.

ಪ್ರದರ್ಶನ ಶುರುವಾಯಿತು. ಕೆಂಪು ಮಣ್ಣಿನ ದಿಬ್ಬ, ನೀರಿಲ್ಲದ ಹೊಳೆಯ ಪಾತ್ರ, ಬಿಳೀ ಕಾಂಡದ ಸೊಟ್ಟ ಮರ, ರಸ್ತೆ ಬದಿಯ ತುಕ್ಕು ಹಿಡಿದ ನೀರಿನ ತೊಟ್ಟಿ. ಒಂದರಲ್ಲೂ ಮನುಷ್ಯರಿಲ್ಲ. ನೋಡುತ್ತ ನಿಂತರೆ ಬಿಸಿಲು ಮುಖಕ್ಕೆ ಬಡಿದಂತಾಗುತ್ತಿತ್ತು. ಓನರ್ ಸಾನ್ ಒಂದೊಂದರ ಕೆಳಗೂ ತಾವೇ ಬ್ರಶ್ ಹಿಡಿದು ಒಕ್ಕಣೆ ಬರೆದಿದ್ದರು. ದಿಬ್ಬಕ್ಕೆ ‘ಅನಂತದ ಮೌನ’. ಹೊಳೆಗೆ ‘ಕಾಲ ಹರಿದು ಹೋದ ಮೇಲೆ’. ಸೊಟ್ಟ ಮರಕ್ಕೆ ‘ಏಕಾಂಗಿಯ ಧ್ಯಾನ’. ನಾನು ಅವನ್ನು ಫೋನಿನಲ್ಲಿ ಅಕ್ಕನಿಗೆ ಓದಿ ಹೇಳಿದಾಗ ಅವರಿಗೆ ವಿಪರೀತ ಕೆಮ್ಮು ಬಂತು. ಆ ಕಾಲದಲ್ಲಿ ಕೆಮ್ಮು ಎಂದರೆ ಎದೆ ಧಸಕ್ಕೆನ್ನುತ್ತಿತ್ತು. “ಹುಷಾರಾಗಿದ್ದೀರಾ?” ಎಂದೆ. “ತುಂಬಾ ಚೆನ್ನಾಗಿ ಬರೆದಿದ್ದಾರೆ” ಎಂದಷ್ಟೇ ಹೇಳಿದರು.

ತೊಂದರೆ ಇದ್ದದ್ದು ಓನರ್ ಸಾನ್ ಅಂಟಿಸಿದ್ದ ಇನ್ನೊಂದು ಫಲಕದಲ್ಲಿ. ಬಾಗಿಲಲ್ಲಿ, ಕಂಬದ ಮೇಲೆ, ಶೌಚಾಲಯದ ಒಳಗೆ ಕೂಡ: ‘ಸೋಂಕು ತಡೆಯಲು ದಯವಿಟ್ಟು ಸಂಭಾಷಣೆ ಬೇಡ.’ ಜನ ಬರುತ್ತಿದ್ದರು. ಹಣೆಗೆ ಜ್ವರದ ಯಂತ್ರ ಹಿಡಿಸಿಕೊಂಡು, ಕೈಗೆ ಔಷಧ ಹಾಕಿಸಿಕೊಂಡು, ನೆಲದ ಮೇಲಿನ ಹೆಜ್ಜೆ ಗುರುತಿನ ಮೇಲೆ ನಿಂತು ನೋಡಿ, ತಲೆಬಾಗಿ ಹೋಗುತ್ತಿದ್ದರು. ಯಾವ ನಟ ಎಂದು ಒಬ್ಬರು ಪಿಸುದನಿಯಲ್ಲಿ ಕೇಳಿದರು. ಹೇಳುವಂತಿಲ್ಲ ಎಂದೆ. “ಒಂದು ಸುಳಿವಾದರೂ ಕೊಡಿ” ಎಂದು ಕಣ್ಣರಳಿಸಿದರು. ಓನರ್ ಸಾನ್ ದೂರದಿಂದಲೇ ಫಲಕ ತೋರಿಸಿದರು. ಹೆಸರು ಹೇಳುವಂತಿಲ್ಲ, ಮುಖ ತೋರಿಸುವಂತಿಲ್ಲ, ಮಾತೂ ಆಡುವಂತಿಲ್ಲ. ದುಭಾಷಿಗೆ ಇದಕ್ಕಿಂತ ಆರಾಮದ ಕೆಲಸ ಬೇಕೇ? ಸ್ಟೂಲಿನ ಮೇಲೆ ಕೂತು ಆಕಳಿಸುತ್ತಿದ್ದೆ, ಮಾಸ್ಕಿನೊಳಗೆ.

ಸಂಜೆ ಅಕ್ಕ ಫೋನ್ ಮಾಡಿ ಕೇಳುತ್ತಿದ್ದುದು ಒಂದೇ ಪ್ರಶ್ನೆ. “ಇವತ್ತು ಯಾರಾದ್ರೂ ಮಾತಾಡಿದ್ರಾ?”

“ಇಲ್ಲ.”

ಒಂದು ಸಂಜೆ ಅವರು ಫೋನ್ ಇಡಲಿಲ್ಲ. ತಮ್ಮ ತೀರಿಕೊಂಡಾಗ ಅವರಲ್ಲಿ ರಾಜ್ಯ ರಾಜ್ಯಗಳ ನಡುವಿನ ಗಡಿಯನ್ನೂ ಮುಚ್ಚಿದ್ದರಂತೆ. ಮಣ್ಣಿಗೆ ಹೋಗಲೆಂದು ಹೊರಟ ಅಕ್ಕನನ್ನು ಪೊಲೀಸರು ಅರ್ಧ ದಾರಿಯಿಂದ ವಾಪಸು ಕಳಿಸಿದರು. ಮನೆಗೆ ಬಂದು ಈ ಚಿತ್ರಗಳನ್ನು ಬರೆಯಲು ಕೂತರು.

“ನಾನು ಇನ್ನೂ ಅವನ ಕಥೆ ಹೇಳಿಲ್ಲ. ನಮ್ಮಲ್ಲಿ ಬಾಯಿ ತೆರೆದ್ರೆ ಸಾಕು, ಎಲ್ಲರೂ ಅಳೋಕೆ ಶುರು ಮಾಡ್ತಾರೆ. ಅಳೋರ ಮುಂದೆ ಅವನ ಕಥೆ ಹೇಳೋಕಾಗಲ್ಲ. ಅದಕ್ಕೇ ದೂರದೂರಿಗೆ ಕಳಿಸಿದ್ದು. ಕೊನೇ ದಿನ ನಿಮ್ಮ ಪರದೆ ಮೇಲೆ ಬರ್ತೀನಿ. ಎದುರಿಗೆ ಕೂತು ಕೇಳೋರು, ತಿರುಗಿ ಮಾತಾಡೋರು ಇದ್ರೆ ಹೇಳ್ತೀನಿ. ಇಲ್ಲಾಂದ್ರೆ ಸುತ್ತಿ ವಾಪಸ್ ಕಳಿಸ್ಬಿಡಿ. ಗೋಡೆಗೆ ಹೇಳೋಕೆ ನನಗಾಗಲ್ಲ.”

ತಮ್ಮನನ್ನು ಕಳಿಸಿಕೊಡುವುದು ಬಾಕಿ ಉಳಿದಿದೆ, ಅದು ನಮ್ಮ ಈ ಮೂಕ ಅಂಗಡಿಯ ಕೈಯಲ್ಲಿದೆ. ಓನರ್ ಸಾನ್‌ಗೆ ಎಲ್ಲವನ್ನೂ ಹೇಳಿದೆ. ಅವರು ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು, “ಸ್ವಲ್ಪ ಕಷ್ಟ” ಎಂದರು. ಜಪಾನಿನಲ್ಲಿ ಸ್ವಲ್ಪ ಕಷ್ಟ ಎಂದರೆ ನೀನು ತಲೆಕೆಳಗಾಗಿ ನಿಂತರೂ ಆಗುವುದಿಲ್ಲ ಎಂದರ್ಥ. ಅವರು ಪರದೆ ಮೇಲೆ ಬರಲಿ, ನಾವೆಲ್ಲ ಮೌನವಾಗಿ ವಂದಿಸೋಣ, ಅದರಲ್ಲೇ ಎಲ್ಲವೂ ಅಡಗಿದೆ ಎಂದರು. ನನಗೆ ಮೈ ಉರಿದುಹೋಯಿತು. ಆದರೆ ಸಿಟ್ಟು ಮಾಡಿಕೊಳ್ಳಲು ಜಪಾನಿಯಲ್ಲಿ ಸರಿಯಾದ ಮಾತು ಹೊಳೆಯದೆ “ಅರ್ಥವಾಯಿತು” ಎಂದು ತಲೆಬಾಗಿ ಬಂದೆ. ರೈಲಿನುದ್ದಕ್ಕೂ ಕನ್ನಡದಲ್ಲಿ ಬೈದುಕೊಂಡೆ.

ಕೊನೆಯ ದಿನ ಅತ್ತೆ ತಾವೂ ಬರುತ್ತೇನೆಂದು ಹೊರಟರು. ಅವರ ಲೆಕ್ಕದಲ್ಲಿ ಅದು ವೈಕುಂಠ ಸಮಾರಾಧನೆ. “ಅಲ್ಲಿ ಫೋಟೋ ಇಲ್ಲ ಅತ್ತೆ, ಇಡೋ ಹಾಗೂ ಇಲ್ಲ” ಎಂದು ಮನೆಯಲ್ಲೇ ಹೇಳಿದ್ದೆ. “ಗೊತ್ತು, ನೂರ್ಸಲ ಹೇಳ್ಬೇಡ” ಎಂದಿದ್ದರು. ಅವರ ಚೀಲದಲ್ಲಿ ಸೂಪರ್ ಮಾರ್ಕೆಟ್ಟಿನ ಸೇವಂತಿಗೆ ಕಟ್ಟಿದ ಹಾರವಿತ್ತೆಂದು ನನಗೆ ತಿಳಿದಿರಲಿಲ್ಲ.

ಗ್ಯಾಲರಿಯಲ್ಲಿ ಓನರ್ ಸಾನ್ ಅಕ್ಕನ ದರ್ಶನಕ್ಕೆಂದು ಒಂದು ಟ್ಯಾಬ್ ಸಜ್ಜು ಮಾಡಿದ್ದರು. ಬರಿಯ ಟ್ಯಾಬ್ ಇಟ್ಟರೆ ಅತಿಥಿಗೆ ಅಗೌರವವೆಂದು ಅದನ್ನು ಆ ಕಪ್ಪು ಚೌಕಟ್ಟಿನೊಳಗೆ ಕೂರಿಸಿ, ಮೇಜಿಗೆ ಬಿಳೀ ಬಟ್ಟೆ ಹಾಸಿ, ಗೋಡೆಗೆ ಒರಗಿಸಿದ್ದರು. ಕೊನೆಗೂ ಮರ ದಂಡವಾಗಲಿಲ್ಲ. ಅಕ್ಕ ಹೇಳಿದ ಹೊತ್ತಿಗಿಂತ ಮೊದಲೇ ಪರದೆಗೆ ಬಂದರು. ಬಿಳೀ ಕೂದಲು, ಅಗಲವಾದ ನಗುಮುಖ. ಹಾಗೆ ನಗುತ್ತಿರುವಾಗಲೇ ಸಿಗ್ನಲ್ ಹೋಗಿ ಚಿತ್ರ ನಿಂತುಬಿಟ್ಟಿತು. ನಾನು ವೈಫೈ ಪೆಟ್ಟಿಗೆ ನೋಡಲು ಹಿಂದಿನ ಕೋಣೆಗೆ ಓಡಿದೆ. ಓನರ್ ಸಾನ್ ಬಾಗಿಲಲ್ಲಿ ಬಂದವರ ಜ್ವರ ನೋಡುತ್ತಿದ್ದರು, ಅತ್ತೆ ಗೋಡೆಯ ಚಿತ್ರ ನೋಡುತ್ತಿದ್ದರು. ಅಕ್ಕ ಪರದೆಗೆ ಬಂದದ್ದನ್ನು ಇಬ್ಬರೂ ಕಂಡಿರಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಬಾಗಿಲ ಸಂದಿಯಿಂದ ಅರ್ಧ ಕಂಡೆ, ಉಳಿದರ್ಧ ಅತ್ತೆಯಿಂದ ಕೇಳಿದೆ. ಅತ್ತೆ ಚೌಕಟ್ಟಿನ ಮುಂದೆ ನಿಂತರು. ಕಪ್ಪು ಚೌಕಟ್ಟು, ಬಿಳೀ ಬಟ್ಟೆ, ಅಲ್ಲಾಡದ ನಗು. ಫೋಟೋ ಇಲ್ಲ ಎಂದು ಸೊಸೆ ಹೇಳಿದ್ದು ಸುಳ್ಳಾಯಿತು, ಪಾಪ ಈ ಹೆಂಗಸೂ ಹೋಗಿಬಿಟ್ಟಿದ್ದಾರೆ ಎಂದುಕೊಂಡರು. ಚೀಲದಿಂದ ಹಾರ ತೆಗೆದು ಹಾಕಿದರು. ಊದುಬತ್ತಿ ಹಚ್ಚಿ, ಚುಚ್ಚಲು ಏನೂ ಕಾಣದೆ ದಾರಿಯ ಕೊಂಬಿನಿ ಅಂಗಡಿಯಲ್ಲಿ ಕೊಂಡಿದ್ದ ಬಾಳೆಹಣ್ಣಿಗೆ ಚುಚ್ಚಿ ನಿಲ್ಲಿಸಿದರು. ಕಣ್ಣು ಮುಚ್ಚಿ ಕೈ ಮುಗಿದರು. ಪರಿಮಳಕ್ಕೆ ತಿರುಗಿದ ಓನರ್ ಸಾನ್‌ಗೆ ಹಾರ ಹಾಕಿದ ಅಕ್ಕನ ಮುಖ ಕಂಡಿತು, ಕಣ್ಣೊರೆಸಿಕೊಳ್ಳುವ ಅತ್ತೆ ಕಂಡರು. ಆ ದಿನಗಳಲ್ಲಿ ಬೆಳಿಗ್ಗೆ ಫೋನಿನಲ್ಲಿ ಮಾತಾಡಿದವರು ಸಂಜೆಗೆ ಇರುತ್ತಿರಲಿಲ್ಲ. ಓನರ್ ಸಾನ್ ಬಿಳಿಚಿಕೊಂಡು ಬಂದು, ಸಾವಿನ ಮನೆಯಲ್ಲಿ ಹೇಳುವ ಮಾತನ್ನು ಮೆಲ್ಲಗೆ ಹೇಳಿ, ಸೊಂಟ ಮುರಿಯುವಷ್ಟು ಬಾಗಿದರು. ಓನರ್ ಸಾನ್ ಬಾಗಿದರೆಂದ ಮೇಲೆ ಬಂದವರು ಸುಮ್ಮನಿರುತ್ತಾರೆಯೇ? ಹೆಜ್ಜೆ ಗುರುತಿನ ಮೇಲೆ ಅಂತರ ಕಾಯ್ದುಕೊಂಡು ಸಾಲು ನಿಂತರು. ಒಬ್ಬೊಬ್ಬರಾಗಿ ಬಂದು ಅಕ್ಕನಿಗೂ ಬಾಳೆಹಣ್ಣಿಗೂ ನಮಸ್ಕರಿಸಿದರು.

ಅಷ್ಟರಲ್ಲಿ ನಾನು ವೈಫೈ ಸರಿ ಮಾಡಿದೆ.

ಅಕ್ಕನ ಕಣ್ಣು ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. “ಏನಿದು, ನನ್ನ ಮುಖದ ಮುಂದೆ ಹಳದಿ ಹಳದಿ?” ಎಂದರು.

“ಅಯ್ಯೋ ರಾಮಾ, ಕಣ್ಣು ಬಿಟ್ರು!” ಎಂದು ಅತ್ತೆ ಮುಖ್ಯೋಪಾಧ್ಯಾಯಿನಿಯ ಕಂಠದಲ್ಲಿ ಕೂಗಿದರು. ಎಂದೂ ದನಿಯೆತ್ತದ ಓನರ್ ಸಾನ್ ಕೀಚಲಾಗಿ ಕಿರುಚಿ, ಹೆಜ್ಜೆ ಗುರುತುಗಳನ್ನೆಲ್ಲ ತುಳಿದು ಗೋಡೆಗೆ ಹೋಗಿ ಬಡಿದುಕೊಂಡರು. ಸಾಲು ಚೆಲ್ಲಾಪಿಲ್ಲಿಯಾಯಿತು. ಪರದೆ ಕಪ್ಪಾಯಿತು.

ನಾನು ಹೊರಗೆ ಓಡಿ ಬಂದೆ. “ಅತ್ತೆ! ಫೋಟೋ ಇಲ್ಲ ಅಂತ ಹೇಳಿರ್ಲಿಲ್ವಾ ನಾನು?”

“ಕಪ್ಪು ಫ್ರೇಮು ಹಾಕಿ ಗೋಡೆಗೆ ಒರಗಿಸಿದ್ರೆ ಇನ್ನೇನು ಅಂದ್ಕೋಬೇಕೇ ನಾನು? ಬದುಕಿರೋರಿಗೆ ಹಾರ ಹಾಕ್ಬಿಟ್ನಲ್ಲೇ, ಯಾವ ಜನ್ಮದಲ್ಲಿ ತೀರುತ್ತೋ!” ಅತ್ತೆ ಕೆನ್ನೆ ಬಡಿದುಕೊಂಡರು. ಓನರ್ ಸಾನ್ ಕೂಡ ಗೋಡೆ ಹಿಡಿದುಕೊಂಡೇ, “ನನಗೂ ಹಾಗೇ ಅನ್ನಿಸಿತು” ಎಂದರು. ಇಬ್ಬರಿಗೂ ಪರಸ್ಪರ ಭಾಷೆ ಬಾರದು, ಆದರೂ ತಪ್ಪಿನಲ್ಲಿ ಒಂದಾಗಿದ್ದರು. ನನಗೆ ಒಂದೇ ಯೋಚನೆ. ತಮ್ಮನ ಮಣ್ಣಿಗೆ ಹೋಗಲಾಗದ ಹೆಂಗಸು ಕಥೆ ಹೇಳಲೆಂದು ಬಂದು ಕೂತರೆ ನಾವು ಅವರದೇ ತಿಥಿ ಮಾಡಿ ಕಳಿಸಿದೆವು. ಇನ್ನು ಆ ಬಾಯಿ ತೆರೆಯುವುದಿಲ್ಲ.

ಫೋನ್ ಬಂತು. ಮೊದಲು ಬರೀ ಉಸಿರು, ಬಿಕ್ಕಿ ಬಿಕ್ಕಿ ಎಳೆಯುವ ಉಸಿರು. ಅಳುತ್ತಿದ್ದಾರೆಂದುಕೊಂಡೆ. ಅವರು ನಗುತ್ತಿದ್ದರು.

“ನನ್ನ ಸಾಯಿಸಿದ್ದು ಯಾರು?” ಎಂದರು ಕೊನೆಗೆ. “ಅವರನ್ನ ನನ್ನ ಮುಂದೆ ಕೂರಿಸು. ಅವರ ಹತ್ರ ಮಾತಾಡ್ಬೇಕು.”

ನಾನು ಓನರ್ ಸಾನ್‌ಗೆ ಅದನ್ನು ಒಂದಕ್ಷರ ಬಿಡದೆ ಜಪಾನಿಯಲ್ಲಿ ಹೇಳಿ, ಕೈ ಕಟ್ಟಿ ನಿಂತೆ. ಬದುಕಿರುವವರಿಗೆ ಸಾವಿನ ಮಾತು ಹೇಳಿ ಬಾಗಿದ ಮನುಷ್ಯ ಇನ್ನು ಯಾವ ಬಾಯಿಯಲ್ಲಿ ‘ಸ್ವಲ್ಪ ಕಷ್ಟ’ ಎನ್ನಬೇಕು? ಅವರು ಕಂಬದ ಫಲಕ ಕಿತ್ತು ಮೇಜಿನ ಮೇಲೆ ಬೋರಲು ಹಾಕಿದರು. ಕಿಟಕಿ ಬಾಗಿಲುಗಳನ್ನೆಲ್ಲ ತೆರೆದರು. ಚಳಿಗಾಲದ ಗಾಳಿ ಒಳಗೆ ನುಗ್ಗಿತು. ಸ್ಟೂಲುಗಳನ್ನು ದೂರ ದೂರ ಹಾಕಿ ಎಲ್ಲರನ್ನೂ ಕೂರಿಸಿ, ಅತ್ತೆಯನ್ನು ಮುಂದಿನ ಸ್ಟೂಲಿಗೆ ಕರೆದರು. ಹಾರ ತೆಗೆದು ನನ್ನ ಕೈಗೆ ಕೊಟ್ಟರು. ಎಲ್ಲಿಡಬೇಕೆಂದು ತೋಚದೆ ಚೀಲಕ್ಕೆ ತುರುಕಿದೆ.

ಪರದೆ ಮತ್ತೆ ಬೆಳಗಿತು. ಅತ್ತೆ ಮೊದಲೇ ಎದ್ದು ನಿಂತು, “ಸುಮಿಮಾಸೆನ್ ಸುಮಿಮಾಸೆನ್” ಎಂದು ತಮಗೆ ಬರುತ್ತಿದ್ದ ಜಪಾನಿಯನ್ನೆಲ್ಲ ಮುಗಿಸಿ ಕನ್ನಡಕ್ಕೆ ಬಂದರು. “ತಪ್ಪಾಯ್ತಮ್ಮಾ. ಆದ್ರೆ ಹಿಂಗೆ ಸುಳ್ಳು ಸಾವಾದ್ರೆ ಆಯಸ್ಸು ಗಟ್ಟಿಯಾಗುತ್ತೆ ನಿಮಗೆ. ನಮ್ಮ ಕಡೆ ಹಾಗೇ ಅಂತಾರೆ.”

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. “ಹಾಗಾದ್ರೆ ನನ್ನ ತಮ್ಮ ಸಾವಿರ ವರ್ಷ ಬದುಕಬೇಕಿತ್ತು” ಎಂದರು ಅಕ್ಕ. “ಸಾಯೋದೇ ಅವನ ಉದ್ಯೋಗ.”

ಹೀಗೆ ಕಥೆ ಶುರುವಾಯಿತು. ಸಿನಿಮಾದವರು ಅವನಿಗೆ ಕೊಟ್ಟದ್ದೆಲ್ಲ ಸಾಯುವ ಪಾತ್ರಗಳೇ. ಬಿಳಿಯ ನಾಯಕ ಕುದುರೆ ಹತ್ತುವುದರೊಳಗೆ ಇವನು ಗುಂಡು ತಿಂದು ಬಿದ್ದಿರಬೇಕು. ಬೀಳುವುದನ್ನು ಅವನು ಚಿಕ್ಕಂದಿನಲ್ಲೇ ಕಲಿತದ್ದು. ಅಕ್ಕ ಕೋಲಿನಿಂದ ಗುಂಡು ಹಾರಿಸಿದರೆ ಇವನು ಸಾಯಬೇಕು. ಆ ದಿಬ್ಬದಿಂದ ಉರುಳಿ ಬಿದ್ದು ಎರಡು ಹಲ್ಲು ಮುರಿದುಕೊಂಡ. ಸೊಟ್ಟ ಮರದಿಂದ ಸಾಯಲು ಹೋಗಿ ಚಡ್ಡಿ ಕೊಂಬೆಗೆ ಸಿಕ್ಕಿಕೊಂಡು ಮಧ್ಯಾಹ್ನವೆಲ್ಲ ನೇತಾಡಿದ. ತೊಟ್ಟಿಯಲ್ಲಿ ಮುಳುಗಿ ಸತ್ತಂತೆ ನಟಿಸುವಾಗ ನೀರು ಕುಡಿಯಲು ಬಂದ ಹಸು ಅವನ ಮುಖ ನೆಕ್ಕಿತು. ನಾನು ಒಂದೊಂದನ್ನೂ ಮೊದಲು ಜಪಾನಿಯಲ್ಲಿ, ಆಮೇಲೆ ಅಕ್ಕನ ಇಂಗ್ಲಿಷ್ ತಿಳಿಯದ ಅತ್ತೆಗೆಂದು ಕನ್ನಡದಲ್ಲಿ ಹೇಳುತ್ತಿದ್ದೆ. ಓನರ್ ಸಾನ್ ‘ಅನಂತದ ಮೌನ’ವನ್ನು, ‘ಏಕಾಂಗಿಯ ಧ್ಯಾನ’ವನ್ನು ಒಮ್ಮೆ ತಿರುಗಿ ನೋಡಿದರು. ಅವರ ಹೆಗಲು ಕುಲುಕತೊಡಗಿತು. ಆಮೇಲೆ ಸ್ಟೂಲುಗಳ ಮೇಲಿದ್ದವರೂ ಮಾಸ್ಕ್ ಹಿಡಿದುಕೊಂಡು ನಕ್ಕರು.

ನಮ್ಮಲ್ಲಿ ಕಥೆ ಹೇಳುವವರಿಗೆ ಹೂಂಗುಟ್ಟಬೇಕು. ಹೂಂಗುಟ್ಟದಿದ್ದರೆ ಕಥೆ ನಿಲ್ಲುತ್ತದೆ. ಅತ್ತೆ ಒಂದೊಂದು ಮಾತಿಗೂ “ಹ್ಞೂಂ” ಎನ್ನುತ್ತಿದ್ದರು. ಜಪಾನಿಗರದೂ ಅದೇ ಚಾಳಿ. ಓನರ್ ಸಾನ್ ಪಕ್ಕದಿಂದ “ಹೈ… ಹೈ…” ಎಂದು ತಲೆಯಾಡಿಸುತ್ತಿದ್ದರು. ಅತ್ತೆ ನಡುನಡುವೆ ಅಡ್ಡ ಬಾಯಿ ಹಾಕಿ “ಹಲ್ಲು ಮತ್ತೆ ಬಂತಾ?” “ಮರದಿಂದ ಇಳಿಸಿದ್ದು ಯಾರು?” ಎಂದು ಕೇಳುತ್ತಿದ್ದರು. ಅಕ್ಕ ಉತ್ತರ ಕೊಡುತ್ತ ಕೊಡುತ್ತ ಕುರ್ಚಿಯಲ್ಲಿ ಮುಂದೆ ಮುಂದೆ ಸರಿದರು. ಪರದೆ ತುಂಬ ಅವರ ಮುಖವೇ ಆಯಿತು. ನನಗೆ ನಿಜವಾಗಿಯೂ ಸಂತೋಷವಾಗುತ್ತಿತ್ತು, ಮೂರು ಭಾಷೆಯಲ್ಲಿ ಬಾಯಿ ಒಣಗಿದ್ದರೂ.

“ನಮ್ಮಮ್ಮ ಅವನ ಪ್ರತಿ ಸಿನಿಮಾಕ್ಕೂ ಹೋಗೋಳು” ಎಂದರು ಅಕ್ಕ. “ಅವನು ಸಾಯೋವಾಗ ಗೊಳೋ ಅಂತ ಅಳೋಳು. ಅವನು ಪಕ್ಕದಲ್ಲೇ ಕೂತಿರ್ತಿದ್ದ, ಆದ್ರೂ ಅಳೋಳು. ಮನೆಗೆ ಬಂದು ಅಡುಗೆ ಮಾಡಿ, ಬಾಗಿಲಲ್ಲಿ ನಿಂತು ಹೊಳೆ ಕಡೆ ತಿರುಗಿ ಚಿಕ್ಕಂದಿನ ಹಾಗೇ ಕೂಗೋಳು, ‘ಸತ್ತಿದ್ದು ಸಾಕು, ಊಟಕ್ಕೆ ಬಾರೋ’ ಅಂತ. ಅವನು ಮೈಮೇಲಿನ ಮಣ್ಣು ಕೊಡವಿಕೊಂಡು ಬರೋನು.”

ನಾನು ಎರಡೂ ಭಾಷೆಯಲ್ಲಿ ಹೇಳಿದೆ. ಎಲ್ಲರೂ ನಕ್ಕರು. “ಹ್ಞೂಂ” ಎಂದರು ಅತ್ತೆ, ಕಣ್ಣೀರು ಬರುವಷ್ಟು ನಗುತ್ತ. “ಹೈ” ಎಂದರು ಓನರ್ ಸಾನ್.

“ಅಮ್ಮ ಈಗ ಇಲ್ಲ” ಎಂದರು ಅಕ್ಕ. “ಪೊಲೀಸರು ವಾಪಸ್ ಕಳಿಸಿದ ದಿನ ನಾನು ಮನೆಗೆ ಬಂದು ಅಡುಗೆ ಮಾಡ್ದೆ. ಬಾಗಿಲಲ್ಲಿ ನಿಂತ್ಕೊಂಡು ಕೂಗ್ದೆ.”

ಅಷ್ಟು ಹೇಳಿ ನಿಲ್ಲಿಸಿದರು. ನಾನು ಬಾಯಿ ತೆರೆದೆ. ಜಪಾನಿ ಬರಲಿಲ್ಲ. ಕನ್ನಡವೂ ಬರಲಿಲ್ಲ. ತೆರೆದ ಕಿಟಕಿಯಿಂದ ಗಲ್ಲಿಯಲ್ಲಿ ಯಾರದೋ ಸೈಕಲ್ಲಿನ ಬೆಲ್ಲು ಕೇಳಿಸಿತು. ಅಕ್ಕ ಪರದೆಯಿಂದ ನಮ್ಮನ್ನೇ ನೋಡುತ್ತಿದ್ದರು.

“ಹ್ಞೂಂ” ಎಂದರು ಅತ್ತೆ, ತುಂಬ ಮೆಲ್ಲಗೆ.

“ಹೈ” ಎಂದರು ಓನರ್ ಸಾನ್.

ನಾನು ಅವರಿಬ್ಬರಿಗೂ ಆ ಮಾತನ್ನು ಇನ್ನೂ ಹೇಳಿರಲಿಲ್ಲ.